ಕಾಲು ತೊಳೆಯದೆ ಒಳಗೆ ಬರುವ ಕಡತಗಳು

ಕಳೆದ ತಿಂಗಳ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿ ಮಕ್ಕಳೊಡನೆ ನಮ್ಮ ಮನೆಗೆ ಬಂದಿದ್ದ. ಅವನು ಹೊಸದಾಗಿ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಮಂಡಿನೋವಿನ ಕಾರಣದಿಂದ ನನಗೆ ಹೋಗಲಾಗಿರಲಿಲ್ಲ. ಅದಕ್ಕಾಗಿ ಅಂದಿನ ಚಿತ್ರಗಳನ್ನೆಲ್ಲ ಒಂದು ಪೆನ್ ಡ್ರೈವಿನಲ್ಲಿ ತುಂಬಿಕೊಂಡು, "ಸಾರ್, ನಿಮ್ಮ ಕಂಪ್ಯೂಟರಿಗೆ ಹಾಕಿಕೊಡುತ್ತೇನೆ, ನಿಧಾನವಾಗಿ ನೋಡಿ" ಎಂದು ಪ್ರೀತಿಯಿಂದ ತಂದಿದ್ದ. ನಾನು ಅದನ್ನು ಕೈಗೆ ತೆಗೆದುಕೊಂಡು, "ಮೊದಲು ಒಂದು ಸಲ ಪರೀಕ್ಷಿಸಿ ಆಮೇಲೆ ತೆರೆಯೋಣವಪ್ಪ" ಎಂದೆ. ಅವನ ಮುಖ ಸಣ್ಣದಾಯಿತು. "ಇದು ನಮ್ಮ ಮನೆಯದೇ ಸಾರ್, ಹೊರಗಿನವರು ಯಾರೂ ಮುಟ್ಟಿಲ್ಲ" ಎಂದ. ಕಾಫಿ ತರುತ್ತಿದ್ದ ನನ್ನ ಮನೆಯವರು, ಮನೆಗೆ ಬಂದವರೊಡನೆ ಆಡುವ ಮಾತೇ ಇದು ಎಂಬಂತೆ ನನ್ನನ್ನು ನೋಡಿದರು.

ಅದೇ ವಿದ್ಯಾರ್ಥಿ ಅದಕ್ಕೆ ಅರ್ಧ ಗಂಟೆ ಮೊದಲು ನಮ್ಮ ಅಂಗಳದ ನಲ್ಲಿಯಲ್ಲಿ ತಾನೂ ಕಾಲು ತೊಳೆದುಕೊಂಡು, ಮಕ್ಕಳ ಕಾಲನ್ನೂ ತೊಳೆಸಿ ಜಗಲಿ ಹತ್ತಿದ್ದ. ಆ ನಲ್ಲಿಯನ್ನು ನಾವು ಅಲ್ಲಿ ಹಾಕಿಸಿರುವುದು ತನ್ನ ಮೇಲಿನ ಅನುಮಾನದಿಂದ ಎಂದು ಅವನಿಗೆ ಅನ್ನಿಸಿರಲಿಲ್ಲ. ದಾರಿಯಲ್ಲಿ ನಡೆದು ಬಂದ ಕಾಲಿಗೆ ಧೂಳು ಅಂಟಿಯೇ ಇರುತ್ತದೆ. ಅದು ಬಂದವರ ಯೋಗ್ಯತೆಯ ಮಾತಲ್ಲ, ದಾರಿಯ ಮಾತು. ಕಾಲಿನ ವಿಷಯದಲ್ಲಿ ನಾವೆಲ್ಲ ಒಪ್ಪಿಕೊಂಡಿರುವ ಈ ನ್ಯಾಯವನ್ನು ಕಡತದ ವಿಷಯದಲ್ಲಿ ಏಕೆ ಒಪ್ಪುವುದಿಲ್ಲ? ಅಂದಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಆದ್ದರಿಂದ ಇಂದು ಸ್ವಲ್ಪ ಕಟುವಾಗಿಯೇ ಬರೆಯುತ್ತಿದ್ದೇನೆ. ಬೆತ್ತ ಹಿಡಿದು ಬಹಳ ವರ್ಷಗಳಾದವು. ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಮನ್ನಿಸಬೇಕು.

ನನ್ನ ವಾದ ಇಷ್ಟು. ನಮ್ಮ ಗಣಕಯಂತ್ರಗಳಿಗೂ ಮೊಬೈಲುಗಳಿಗೂ ವೈರಸ್ ತಗಲುವುದಕ್ಕೆ ನಮ್ಮ ಅಜ್ಞಾನಕ್ಕಿಂತ ನಮ್ಮ ದಾಕ್ಷಿಣ್ಯವೇ ದೊಡ್ಡ ಕಾರಣ. "ಕೊಟ್ಟವರು ನಮ್ಮವರು, ಆದ್ದರಿಂದ ಕೊಟ್ಟ ಕಡತವೂ ಒಳ್ಳೆಯದು" ಎಂದು ನಾವು ನಂಬುತ್ತೇವೆ. ಕೊಟ್ಟವರ ಮೇಲಿನ ವಿಶ್ವಾಸ ಬೇರೆ, ಅವರ ಕೈಯಲ್ಲಿರುವ ವಸ್ತುವಿನ ಸ್ಥಿತಿ ಬೇರೆ. ಈ ಎರಡನ್ನೂ ಒಂದೇ ಎಂದು ಭಾವಿಸಿದ ತಪ್ಪಿಗೆ ನಾನು ಒಮ್ಮೆ ಭಾರಿ ಬೆಲೆ ತೆತ್ತಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ಏನೂ ತಪ್ಪು ಮಾಡದ ಒಬ್ಬ ಹುಡುಗನಿಂದ ಆ ಬೆಲೆಯನ್ನು ತೆರಿಸಿದ್ದೇನೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

2008ರಲ್ಲಿ ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವ. ಸ್ಮರಣ ಸಂಚಿಕೆಯ ಹೊಣೆ ನನ್ನ ಮೇಲೆ ಬಿತ್ತು. ಶಾಲೆ ಪ್ರಾರಂಭವಾದಾಗಿನಿಂದ ಜವಾನರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ಆಗ ಇನ್ನೂ ಬದುಕಿದ್ದರು. ಅವರಿಗೆ ಬರೆಯಲು ಬರುತ್ತಿರಲಿಲ್ಲ. ಆದರೆ ಹುಲ್ಲು ಹೊದಿಸಿದ ಮೊದಲ ಕೊಠಡಿಯಿಂದ ಹಿಡಿದು, ಮಳೆಗಾಲದಲ್ಲಿ ಹಳ್ಳ ದಾಟಿಸಿ ಮಕ್ಕಳನ್ನು ಹೆಗಲ ಮೇಲೆ ತಂದ ದಿನಗಳವರೆಗೆ ಅವರಿಗೆ ನೆನಪಿಲ್ಲದ್ದೇ ಇರಲಿಲ್ಲ. ನಾಲ್ಕು ಸಂಜೆ ಅವರ ಮನೆಯಲ್ಲಿ ಕುಳಿತು, ಅವರು ಹೇಳಿದ್ದನ್ನು ಚುಟುಕಾಗಿ ಗುರುತು ಹಾಕಿಕೊಂಡು, ರಾತ್ರಿ ಮನೆಗೆ ಬಂದು 'ನುಡಿ'ಯಲ್ಲಿ ನಾನೇ ಬೆರಳಚ್ಚು ಮಾಡಿದೆ. ಹದಿನಾಲ್ಕು ಪುಟಗಳಾದವು. ಸಂಚಿಕೆಯ ಬೇರೆಲ್ಲ ಲೇಖನಗಳೊಂದಿಗೆ ಅದನ್ನೂ ಪೆನ್ ಡ್ರೈವಿಗೆ ಹಾಕಿದೆ. ಹಾಕುವಾಗ ನಕಲು ಮಾಡದೆ 'ಕಟ್' ಮಾಡಿ ಅಂಟಿಸಿದೆ. ಕೆಲಸ ಮುಗಿಯಿತೆಂದು ಗುರುತಿನ ಚೀಟಿಗಳನ್ನೂ ಒಲೆಗೆ ಹಾಕಿದೆ.

ಆ ಪೆನ್ ಡ್ರೈವನ್ನು ಶಾಲೆಯ ಗಣಕಕ್ಕೆ ಹಾಕಿದೆ, ಪೇಟೆಯ ಡಿಟಿಪಿ ಅಂಗಡಿಗೆ ಒಯ್ದೆ, ಮತ್ತೆ ತಂದೆ. ಮೂರನೆಯ ದಿನ ಶಾಲೆಯ ಗಣಕ ನಿಧಾನವಾಯಿತು. ಪ್ರತಿ ಫೋಲ್ಡರಿನ ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಕಾಣತೊಡಗಿತು. ನಾಲ್ಕನೆಯ ದಿನ ಡಿಟಿಪಿ ಅಂಗಡಿಯಲ್ಲಿ ಪೆನ್ ಡ್ರೈವನ್ನು ತೆರೆದರೆ ನನ್ನ ಲೇಖನಗಳು ಒಂದೂ ಇಲ್ಲ. "ವೈರಸ್ ಎಲ್ಲ ತಿಂದುಬಿಟ್ಟಿದೆ ಸಾರ್, ಫಾರ್ಮ್ಯಾಟ್ ಮಾಡಿಬಿಡುತ್ತೇನೆ" ಎಂದು ಅಲ್ಲಿದ್ದವರು ಹೇಳಿದರು. ನಾನು ಹೂಂ ಎಂದೆ. ಬೇರೆಯವರ ಲೇಖನಗಳು ಕಾಗದದಲ್ಲಿ ಇದ್ದವು, ಮತ್ತೆ ಬೆರಳಚ್ಚು ಮಾಡಿಸಿದೆವು. ಆ ಹದಿನಾಲ್ಕು ಪುಟಗಳು ಮಾತ್ರ ಹೋದವು. ಮತ್ತೆ ಹೋಗಿ ಕೇಳಿ ಬರೆದುಕೊಳ್ಳೋಣ ಎಂದುಕೊಳ್ಳುವಷ್ಟರಲ್ಲಿ ಅವರು ಹಾಸಿಗೆ ಹಿಡಿದರು. ಅದೇ ಮಳೆಗಾಲದಲ್ಲಿ ತೀರಿಕೊಂಡರು. ಸ್ಮರಣ ಸಂಚಿಕೆಯಲ್ಲಿ ಅವರ ಒಂದು ಭಾವಚಿತ್ರವೂ ಅದರ ಕೆಳಗೆ ನಾನು ನೆನಪಿನಿಂದ ಬರೆದ ಎರಡು ಸಾಲೂ ಮಾತ್ರ ಇವೆ.

ಇನ್ನು ಆ ಹುಡುಗನ ಮಾತು. ಹತ್ತನೆಯ ತರಗತಿಯವನು. ಬಡವರ ಮನೆಯ ಹುಡುಗ. ಸಂಜೆ ಪೇಟೆಯ ಸೈಬರ್ ಸೆಂಟರಿನಲ್ಲಿ ಕಸ ಗುಡಿಸಿ, ಅಲ್ಲಿಯೇ ಗಣಕ ಕಲಿತಿದ್ದ. ಸಂಚಿಕೆಗೆ ಬೇಕಾದ ಚಿತ್ರಗಳನ್ನು ತನ್ನ ಪೆನ್ ಡ್ರೈವಿನಲ್ಲಿ ತಂದುಕೊಟ್ಟಿದ್ದ. ಶಾಲೆಯ ಗಣಕ ಕೆಟ್ಟಿತೆಂದು ಗೊತ್ತಾದ ಕೂಡಲೇ ನನಗೆ ಬೇರೆ ಯೋಚನೆಯೇ ಬರಲಿಲ್ಲ. ಸಿಬ್ಬಂದಿ ಕೊಠಡಿಗೆ ಕರೆಸಿ, ಆರು ಮಂದಿ ಅಧ್ಯಾಪಕರ ಎದುರಿಗೆ, "ಎಲ್ಲೆಲ್ಲಿಯದೋ ಹೊಲಸನ್ನು ತಂದು ಇಲ್ಲಿ ಸುರಿದೆಯಲ್ಲೋ" ಎಂದು ಬೈದೆ. ಅವನು ಒಂದು ಮಾತನ್ನೂ ಆಡಲಿಲ್ಲ. ಮರುದಿನದಿಂದ ಗಣಕದ ಕೊಠಡಿಯ ಕಡೆಗೆ ಬರಲಿಲ್ಲ.

ದಸರಾ ರಜೆಯಲ್ಲಿ ಬೆಂಗಳೂರಿನಿಂದ ಬಂದ ನನ್ನ ತಂಗಿಯ ಮಗ ನಮ್ಮ ಮನೆಯ ಗಣಕವನ್ನು ನೋಡಿದ. ಅದರೊಳಗೂ ಅದೇ ಹುಸಿ ಫೋಲ್ಡರುಗಳು. ಅವು ನಮ್ಮ ಗಣಕದೊಳಗೆ ಹುಟ್ಟಿದ ತಾರೀಖನ್ನು ತೋರಿಸಿದ. ಹುಡುಗ ಶಾಲೆಗೆ ಚಿತ್ರ ತಂದ ದಿನಕ್ಕಿಂತ ಹತ್ತು ದಿನ ಹಿಂದಿನದು! ವೈರಸ್ಸನ್ನು ಶಾಲೆಗೆ ಹೊತ್ತುಕೊಂಡು ಹೋದವನು ನಾನು. ನನಗೆ ಅದನ್ನು ಕೊಟ್ಟದ್ದು ಗೌರವಸ್ಥರಾದ ಸ್ನೇಹಿತರೊಬ್ಬರ ಪೆನ್ ಡ್ರೈವು. ಅದನ್ನು ಪರೀಕ್ಷಿಸುವುದು ಅವರಿಗೆ ಅವಮಾನವೆಂದು ಸುಮ್ಮನಿದ್ದೆ. ಹುಡುಗನ ಮೇಲೆ ಅನುಮಾನ ಬಂದದ್ದಕ್ಕೆ ಅವನ ಪೆನ್ ಡ್ರೈವು ಕಾರಣವಾಗಿರಲಿಲ್ಲ. ಅವನು ಯಾರು, ಎಲ್ಲಿ ಕೆಲಸ ಮಾಡುತ್ತಾನೆ ಎಂಬುದೇ ಕಾರಣವಾಗಿತ್ತು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಕಾಲು ತೊಳೆಯುವುದನ್ನು ನಾನು ಹೋಲಿಕೆಯಾಗಿ ಕೊಟ್ಟದ್ದನ್ನು ಕಂಡು ಯಾರೂ ಮಡಿ ಮೈಲಿಗೆಯನ್ನು ನೆನೆಯಬಾರದು. ಮಡಿ ಎಂಬುದು ಬಂದವನು ಯಾರು ಎಂದು ಕೇಳುತ್ತದೆ. ಕಾಲು ತೊಳೆಯುವ ಪದ್ಧತಿ ಯಾರನ್ನೂ ಏನನ್ನೂ ಕೇಳುವುದಿಲ್ಲ. ಮನೆಯ ಯಜಮಾನನೂ ತೋಟದಿಂದ ಬಂದರೆ ತೊಳೆದುಕೊಂಡೇ ಒಳಗೆ ಬರಬೇಕು. ನಾನು 2008ರಲ್ಲಿ ಮಾಡಿದ್ದು ಮಡಿ. ಮಾಡಬೇಕಾಗಿದ್ದದ್ದು ಎಲ್ಲರ ಪೆನ್ ಡ್ರೈವನ್ನೂ, ಮೊಟ್ಟಮೊದಲು ನನ್ನದನ್ನೇ, ಒಂದೇ ರೀತಿ ಪರೀಕ್ಷಿಸುವುದು. ಎಲ್ಲರನ್ನೂ ಪರೀಕ್ಷಿಸುವ ಕಡೆ ಯಾರಿಗೂ ಅವಮಾನವಿಲ್ಲ. ಕೆಲವರನ್ನು ಬಿಟ್ಟು ಕೆಲವರನ್ನು ಪರೀಕ್ಷಿಸುವ ಕಡೆ ಅವಮಾನವೂ ಇದೆ, ವೈರಸ್ಸೂ ಇದೆ.

ದಾಕ್ಷಿಣ್ಯವೇ ವೈರಸ್ಸಿನ ವಾಹನ ಎಂಬುದು ನನ್ನೊಬ್ಬನ ಅನುಭವದ ಮಾತಲ್ಲ. ಅದರ ಚರಿತ್ರೆಯನ್ನೇ ನೋಡಿ. 1982ರಲ್ಲಿ ರಿಚ್ ಸ್ಕ್ರೆಂಟ ಎಂಬ 15 ವರ್ಷದ ಅಮೆರಿಕದ ಶಾಲಾ ಬಾಲಕ ಆಪಲ್ ಗಣಕಕ್ಕೆ 'ಎಲ್ಕ್ ಕ್ಲೋನರ್' ಎಂಬುದನ್ನು ಬರೆದ. ಅದು ಆಟದ ಫ್ಲಾಪಿಗಳಲ್ಲಿ ಸೇರಿಕೊಂಡು ಗೆಳೆಯನಿಂದ ಗೆಳೆಯನಿಗೆ ಹರಡಿತು. ಸೋಂಕಿದ ಫ್ಲಾಪಿಯಿಂದ ಐವತ್ತನೆಯ ಸಲ ಗಣಕವನ್ನು ಆರಂಭಿಸಿದಾಗ ತೆರೆಯ ಮೇಲೆ ಒಂದು ಪದ್ಯ ಮೂಡುತ್ತಿತ್ತು. 1986ರಲ್ಲಿ ಲಾಹೋರಿನ ಅಲ್ವಿ ಸಹೋದರರು ಬರೆದ 'ಬ್ರೇನ್' ಎಂಬುದನ್ನು ಐಬಿಎಂ ಮಾದರಿಯ ಗಣಕಗಳ ಮೊದಲ ವೈರಸ್ ಎನ್ನುತ್ತಾರೆ. ಅದರೊಳಗೆ ಅವರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳೂ ಇದ್ದವು. ತಮ್ಮ ತಂತ್ರಾಂಶವನ್ನು ಕದ್ದು ನಕಲು ಮಾಡುವವರನ್ನು ಕಂಡುಹಿಡಿಯಲು ಬರೆದದ್ದೆಂದು ಅವರು ಹೇಳಿದರು. ಅದೂ ದಾಟಿದ್ದು ಕೈಯಿಂದ ಕೈಗೆ ಹೋದ ಫ್ಲಾಪಿಗಳ ಮೂಲಕವೇ.

2000ದ ಮೇ 4ರಂದು ಫಿಲಿಪ್ಪೀನ್ಸಿನಿಂದ ಹೊರಟ 'ಐ ಲವ್ ಯೂ' ವೈರಸ್ ಪ್ರೇಮಪತ್ರದ ವೇಷದಲ್ಲಿ ಮಿಂಚಂಚೆಯಾಗಿ ಬಂತು. ತೆರೆದವರ ವಿಳಾಸ ಪಟ್ಟಿಯಲ್ಲಿದ್ದ ಎಲ್ಲರಿಗೂ ಅದು ತಾನೇ ಹೋಗುತ್ತಿತ್ತು. ಆದ್ದರಿಂದ ಯಾರಿಗೂ ಅದು ಅಪರಿಚಿತರಿಂದ ಬರಲಿಲ್ಲ. ಮೇಲಧಿಕಾರಿಯಿಂದ, ಸಹೋದ್ಯೋಗಿಯಿಂದ, ಮಿತ್ರನಿಂದ ಬಂತು. ಕಡತದ ಹೆಸರಿನ ಕೊನೆಯಲ್ಲಿ 'ಟಿಎಕ್ಸ್‌ಟಿ' ಎಂದು ಕಾಣುತ್ತಿತ್ತು. ಅದರ ನಂತರ ಇದ್ದ 'ವಿಬಿಎಸ್' ಎಂಬ ನಿಜವಾದ ಬಾಲವನ್ನು ವಿಂಡೋಸ್ ಮರೆಮಾಡಿತ್ತು. 2010ರಲ್ಲಿ ಬೆಳಕಿಗೆ ಬಂದ 'ಸ್ಟಕ್ಸ್‌ನೆಟ್' ಅಂತರಜಾಲದ ಸಂಪರ್ಕವೇ ಇಲ್ಲದ ಇರಾನಿನ ನತಾಂಜ್ ಪರಮಾಣು ಸ್ಥಾವರದ ಒಳಗೆ ಹೋಗಿತ್ತು. ಹಾಗೆ ದಾಟಲೆಂದೇ ಅದಕ್ಕೆ ಪೆನ್ ಡ್ರೈವಿನ ಮೂಲಕ ಹರಡುವ ವಿದ್ಯೆಯನ್ನು ಕೊಟ್ಟಿದ್ದರು. ಭದ್ರಕೋಟೆಯ ಬಾಗಿಲು ಒಳಗಿನವರ ಜೇಬಿನ ಮೂಲಕ ತೆರೆಯುತ್ತದೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಶೋಧಕರು 297 ಪೆನ್ ಡ್ರೈವುಗಳನ್ನು ಬೇಕೆಂದೇ ಅಲ್ಲಲ್ಲಿ ಬೀಳಿಸಿ ನೋಡಿದರು. 2016ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಕನಿಷ್ಠ ನೂರಕ್ಕೆ 45ರಷ್ಟನ್ನು ಜನ ಎತ್ತಿಕೊಂಡು ಹೋಗಿ ಒಳಗಿನ ಕಡತವನ್ನು ತೆರೆದಿದ್ದರು. ಕೇಳಿದಾಗ ಉತ್ತರಿಸಿದವರಲ್ಲಿ ಹೆಚ್ಚಿನವರು ಹೇಳಿದ ಕಾರಣ, ಕಳೆದುಕೊಂಡವರನ್ನು ಹುಡುಕಿ ಹಿಂದಿರುಗಿಸಬೇಕೆಂಬುದು. ಸಜ್ಜನಿಕೆಯೇ ಮನುಷ್ಯನ ಕೈ ಹಿಡಿದು ಬಲೆಯ ಕಡೆಗೆ ನಡೆಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಈಗ ನನಗೆ ಪದೇ ಪದೇ ಎದುರಾಗುವ ವಾದಗಳಿಗೆ ಬರುತ್ತೇನೆ.

"ಆಂಟಿವೈರಸ್ ಹಾಕಿಸಿದ್ದೇವಲ್ಲ" ಎನ್ನುತ್ತಾರೆ. ಆಂಟಿವೈರಸ್ ಎಂಬುದು ಗೊತ್ತಿರುವ ಕಳ್ಳರ ಚಿತ್ರಗಳನ್ನು ಗೋಡೆಗೆ ಅಂಟಿಸಿಕೊಂಡು, ಅನುಮಾನಾಸ್ಪದವಾಗಿ ನಡೆದುಕೊಳ್ಳುವವರನ್ನೂ ಗಮನಿಸುವ ಕಾವಲುಗಾರ. ಅವನು ಬೇಕು. ಆದರೆ ನಿನ್ನೆ ಹುಟ್ಟಿದ ಕಳ್ಳನ ಚಿತ್ರ ಅವನಲ್ಲಿ ಇರಲಿಕ್ಕಿಲ್ಲ. ತಿಂಗಳಾನುಗಟ್ಟಲೆ ಪರಿಷ್ಕರಿಸದ ಆಂಟಿವೈರಸ್ಸಂತೂ ನಿದ್ದೆ ಹೋದ ಕಾವಲುಗಾರ. ಇನ್ನು ಕೆಲವರು ಸ್ನೇಹಿತರು ಕೊಟ್ಟ ಕದ್ದ ತಂತ್ರಾಂಶವನ್ನು ಹಾಕಿಕೊಳ್ಳುವುದಕ್ಕಾಗಿ, "ಸ್ವಲ್ಪ ಹೊತ್ತು ಆಂಟಿವೈರಸ್ ಆರಿಸಿ" ಎಂಬ ಸೂಚನೆಯನ್ನು ಭಕ್ತಿಯಿಂದ ಪಾಲಿಸುತ್ತಾರೆ. ಕಳ್ಳನಿಗೆ ಅನುಕೂಲವಾಗಲೆಂದು ಕಾವಲುಗಾರನನ್ನು ಊಟಕ್ಕೆ ಕಳುಹಿಸಿದವರು ಆಮೇಲೆ ಯಾರ ಮೇಲೆ ದೂರು ಹೇಳುತ್ತಾರೆ? ಪರೀಕ್ಷೆಯಲ್ಲಿ ನಕಲು ಮಾಡಬಾರದೆಂದು ಮಕ್ಕಳಿಗೆ ಉಪದೇಶಿಸಿದ ನಾವು ಅಧ್ಯಾಪಕರೂ ಈ ಪಾಪದಿಂದ ಮುಕ್ತರಲ್ಲ.

"ನನ್ನ ಹತ್ತಿರ ಕದಿಯುವಂಥದ್ದು ಏನಿದೆ?" ಎಂಬುದು ಎರಡನೆಯ ಮಾತು. ನಮ್ಮಲ್ಲಿ ಹಣವಿಲ್ಲದಿರಬಹುದು, ಹೆಸರಿದೆ. ವೈರಸ್ಸಿಗೆ ಬೇಕಾಗಿರುವುದು ಬಹುಪಾಲು ಅದೇ. ನಿಮ್ಮ ಹೆಸರನ್ನು ಕಡ ತೆಗೆದುಕೊಂಡು ಅದು ನಿಮ್ಮನ್ನು ನಂಬಿದವರ ಮನೆಗೆ ಹೋಗುತ್ತದೆ.

ಇದಕ್ಕೆ ನಮ್ಮ ಬಂಧುಗಳ ಗುಂಪಿನಲ್ಲಿಯೇ ನಡೆದ ಸಂಗತಿ ಸಾಕು. ಈಚೆಗೆ ನನ್ನ ಷಡ್ಡಕರ ಮೊಬೈಲಿನಿಂದ ಎಲ್ಲರಿಗೂ ಒಂದು ಮದುವೆಯ ಕರೆಯೋಲೆ ಬಂತು. ಯಾರ ಮದುವೆ ಎಂದು ಕೇಳುವುದಕ್ಕೂ ಮೊದಲೇ ಹಲವರು ಅದನ್ನು ಒತ್ತಿದರು. ಅದು ಚಿತ್ರವೂ ಅಲ್ಲ, ಪಿಡಿಎಫ್ ಕೂಡ ಅಲ್ಲ. ಎಪಿಕೆ ಎಂಬ ಬಾಲವಿದ್ದ ಕಡತ. ಎಪಿಕೆ ಎಂದರೆ ಆಂಡ್ರಾಯ್ಡ್ ಮೊಬೈಲಿನಲ್ಲಿ ಹೊಸ ತಂತ್ರಾಂಶವನ್ನು ಸ್ಥಾಪಿಸುವ ಕಡತ. ಕರೆಯೋಲೆಯನ್ನು ಓದುವುದಕ್ಕೆ ಏನನ್ನೂ ಸ್ಥಾಪಿಸಬೇಕಾಗಿಲ್ಲ! ಅದು ಸಂದೇಶಗಳನ್ನು ಓದುವ ಅನುಮತಿ ಕೇಳಿತು, ಇವರು ಕೊಟ್ಟರು. ನಿವೃತ್ತ ಶಿಕ್ಷಕಿಯಾದ ನಮ್ಮ ಅತ್ತಿಗೆಯವರ ಬ್ಯಾಂಕಿನ ಒಟಿಪಿಗಳು ಯಾರ ಕೈಗೋ ಸೇರಿ, ಎರಡು ತಿಂಗಳ ನಿವೃತ್ತಿ ವೇತನ ಹೋಯಿತು. ಇಂಥ ಕರೆಯೋಲೆಗಳ ಬಗ್ಗೆ ಹಿಮಾಚಲ ಪ್ರದೇಶದ ಪೊಲೀಸರು 2024ರ ನವೆಂಬರಿನಲ್ಲಿಯೇ ಎಚ್ಚರಿಸಿದ್ದರು.

ನನಗೆ ಹೆಚ್ಚು ಸಂಕಟವಾದದ್ದು ಆಮೇಲಿನದು. ಅತ್ತಿಗೆಯವರು ಮೂರು ದಿನ ಯಾರಿಗೂ ಹೇಳಲಿಲ್ಲ. "ಹೇಳಿದರೆ ಅವರ ಮೊಬೈಲಿನಿಂದ ಬಂತೆಂದು ಅವರಿಗೆ ಬೇಜಾರಾಗುತ್ತದಲ್ಲ" ಎಂದರು. ಷಡ್ಡಕರಿಗೆ ತಮ್ಮ ಮೊಬೈಲು ಕೆಟ್ಟಿದೆ ಎಂದು ಗೊತ್ತಿತ್ತು. ನಾಚಿಕೆಯಿಂದ ಅವರೂ ಸುಮ್ಮನಿದ್ದರು. ಹಣ ಹೋದ ಕೂಡಲೇ 1930 ಎಂಬ ಸಂಖ್ಯೆಗೆ ಕರೆ ಮಾಡಿ ದೂರು ಕೊಟ್ಟರೆ ಅದನ್ನು ಮಧ್ಯದಲ್ಲಿ ತಡೆಹಿಡಿಯುವ ಅವಕಾಶವಿರುತ್ತದೆ. ತಡವಾದಷ್ಟೂ ಆ ಅವಕಾಶ ಕಡಿಮೆ. ಮೂರು ದಿನದ ದಾಕ್ಷಿಣ್ಯಕ್ಕೆ ಎರಡು ತಿಂಗಳ ಅನ್ನ ಹೋಯಿತು. ಬಂಧುಗಳೇ, ನೊಂದುಕೊಳ್ಳಬೇಡಿ. ಇಬ್ಬರ ಒಪ್ಪಿಗೆಯನ್ನೂ ಪಡೆದೇ ಇದನ್ನು ಬರೆದಿದ್ದೇನೆ.

ಮೂರನೆಯ ವಾದ ಕಿರಿಯರದು. "ಅಜ್ಜ, ನೀವು ಏನನ್ನೂ ಮುಟ್ಟಬೇಡಿ" ಎನ್ನುತ್ತಾರೆ. ಮಕ್ಕಳೇ, ಇದು ಬುದ್ಧಿವಾದವಲ್ಲ, ಸೋಮಾರಿತನ. ಒಂದು ಮಗುವಿಗೆ ಕಣ್ಣುಬೇನೆ ಬಂತೆಂದು ಶಾಲೆಗೇ ಬೀಗ ಹಾಕುತ್ತಾರೆಯೇ? ಪುಸ್ತಕ, ಚಿತ್ರ, ಹಾಡು, ಊರಿನ ದಾಖಲೆ ಇವೆಲ್ಲ ಒಬ್ಬರಿಂದ ಒಬ್ಬರಿಗೆ ಹೋಗಬೇಕು, ಹೋಗದಿದ್ದರೆ ಉಳಿಯುವುದಿಲ್ಲ. ಹಿರಿಯರಿಗೆ ಮಗ್ಗಿಯನ್ನು ಕಲಿಯಲು ಬಂದಿದೆ, ವ್ಯಾಕರಣ ಕಲಿಯಲು ಬಂದಿದೆ, ಬ್ಯಾಂಕಿನ ಚಲನ್ ತುಂಬಲು ಬಂದಿದೆ. ಕಡತದ ಬಾಲವನ್ನು ನೋಡುವುದನ್ನು ಕಲಿಸಲು ನಿಮಗೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷವನ್ನು ಕೊಡಿ.

ಹಾಗಾದರೆ ಕಾಲು ತೊಳೆಯುವುದೆಂದರೆ ಏನು? ನಾನು ನನ್ನ ಮನೆಯಲ್ಲಿ ಪಾಲಿಸುತ್ತಿರುವುದನ್ನು ಹೇಳುತ್ತೇನೆ.

ಮೊದಲನೆಯದು, ಕಡತದ ಬಾಲ ಕಾಣುವಂತೆ ಮಾಡಿಕೊಳ್ಳುವುದು. ವಿಂಡೋಸ್ 11ರಲ್ಲೂ ತಾನಾಗಿ ಈ ಬಾಲ ಕಾಣುವುದಿಲ್ಲ. ಕಡತಗಳ ಕಿಟಕಿಯಲ್ಲಿ 'ವ್ಯೂ' ಎಂಬಲ್ಲಿಗೆ ಹೋಗಿ, 'ಶೋ' ಎಂಬುದರ ಕೆಳಗೆ ಹೆಸರಿನ ಬಾಲವನ್ನು ತೋರಿಸುವ ಆಯ್ಕೆಯನ್ನು ನಾವೇ ಗುರುತಿಸಬೇಕು. ನಮ್ಮ ಶಾಲೆಯ ಗಣಕವನ್ನು ಕೆಡಿಸಿದ್ದು ಫೋಲ್ಡರಿನ ಚಿತ್ರ ಹಚ್ಚಿಕೊಂಡ ಒಂದು ಪ್ರೋಗ್ರಾಮ್. ಬಾಲ ಕಂಡಿದ್ದರೆ 'ಇಎಕ್ಸ್‌ಇ' ಎಂದು ಕಾಣುತ್ತಿತ್ತು. ಅದನ್ನು ಒತ್ತಿದರೆ ಅದು ತನ್ನ ಕೆಲಸ ಮುಗಿಸಿ, ನಿಜವಾದ ಫೋಲ್ಡರನ್ನೂ ತೆರೆದು ತೋರಿಸುತ್ತಿತ್ತು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಚಿತ್ರವಾದರೆ ಜೆಪಿಜಿ ಎಂದೋ, ಬರಹವಾದರೆ ಪಿಡಿಎಫ್ ಎಂದೋ ಇರಬೇಕು. ಇಎಕ್ಸ್‌ಇ, ಎಸ್‌ಸಿಆರ್, ವಿಬಿಎಸ್, ಬಿಎಟಿ, ಎಪಿಕೆ ಎಂಬ ಬಾಲವಿದ್ದರೆ ಅದು ಓದುವ ವಸ್ತುವಲ್ಲ, ನಿಮ್ಮ ಯಂತ್ರದಲ್ಲಿ ಕೆಲಸ ಮಾಡುವ ವಸ್ತು. ಫೋಲ್ಡರಿನ ಮೂಲೆಯಲ್ಲಿ ಪುಟ್ಟ ಬಾಣದ ಗುರುತಿದ್ದರೆ ಅದು ಫೋಲ್ಡರಲ್ಲ, ಬೇರೆಲ್ಲಿಗೋ ಕರೆದೊಯ್ಯುವ ಕೈಕಂಬ.

ಎರಡನೆಯದು, ತೆರೆಯುವ ಮೊದಲು ಪರೀಕ್ಷಿಸುವುದು. ಪೆನ್ ಡ್ರೈವಿನ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಪರೀಕ್ಷಿಸುವ ಆಯ್ಕೆ ಸಿಗುತ್ತದೆ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಇದಕ್ಕೆ ಸಾಕು, ಪ್ರತ್ಯೇಕ ಹಣ ಕೊಡಬೇಕಾಗಿಲ್ಲ. ಹಿಂದೆ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪೆನ್ ಡ್ರೈವಿನಲ್ಲಿ ಅಡಗಿದ 'ಆಟೋರನ್' ಎಂಬ ಸಣ್ಣ ಕಡತದ ದೆಸೆಯಿಂದ, ಡ್ರೈವಿನ ಚಿತ್ರವನ್ನು ಎರಡು ಸಲ ಒತ್ತಿದ ಮಾತ್ರಕ್ಕೇ ವೈರಸ್ ಎಚ್ಚರಗೊಳ್ಳುತ್ತಿತ್ತು. 2009ರಲ್ಲಿ ಬಂದ ವಿಂಡೋಸ್ 7ರಲ್ಲಿ ಅದನ್ನು ನಿಲ್ಲಿಸಿದರು, 2011ರ ಫೆಬ್ರವರಿಯ ಪರಿಷ್ಕರಣದಿಂದ ಹಳೆಯವುಗಳಲ್ಲೂ ನಿಂತಿತು. ಆದರೆ ನಾವೇ ಕೈಯಾರೆ ಒತ್ತುವುದನ್ನು ಯಾವ ಪರಿಷ್ಕರಣವೂ ನಿಲ್ಲಿಸಲಾರದು.

ಮೂರನೆಯದು, ಪರಿಷ್ಕರಣವನ್ನು ಮುಂದೂಡದಿರುವುದು. 2017ರ ಮೇ ತಿಂಗಳಲ್ಲಿ 'ವಾನ್ನಕ್ರೈ' ಎಂಬುದು ಗಣಕಗಳ ನಡುವೆ ಕಡತ ಹಂಚಿಕೊಳ್ಳಲೆಂದೇ ಇರುವ ವ್ಯವಸ್ಥೆಯ ದೋಷವನ್ನು ಹಿಡಿದು ಜಗತ್ತಿನಾದ್ಯಂತ ಹರಡಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಆ ದೋಷಕ್ಕೆ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ, ಮಾರ್ಚಿನಲ್ಲಿಯೇ, ಕೊಟ್ಟಿತ್ತು. "ನಾಳೆ ನೋಡೋಣ" ಎಂದವರ ಗಣಕಗಳು ಸಿಕ್ಕಿಬಿದ್ದವು.

ನಾಲ್ಕನೆಯದು, ಅಂಗಡಿಗೆ ಹೋಗುವ ಪೆನ್ ಡ್ರೈವನ್ನು ಬೇರೆ ಇಡುವುದು. ಜೆರಾಕ್ಸ್ ಅಂಗಡಿಯ ಗಣಕಕ್ಕೆ ದಿನಕ್ಕೆ ಎಷ್ಟೋ ಜನರ ಪೆನ್ ಡ್ರೈವುಗಳು ಬರುತ್ತವೆ. ಅದು ಅಂಗಡಿಯವರ ತಪ್ಪಲ್ಲ, ಅದು ಬಸ್ ನಿಲ್ದಾಣ. ಅಲ್ಲಿಗೆ ಮುದ್ರಿಸಬೇಕಾದ ಒಂದೇ ಕಡತವನ್ನು ಒಯ್ಯುತ್ತೇನೆ, ಮನೆಗೆ ಬಂದು ಅದರಿಂದ ಏನನ್ನೂ ತೆಗೆದುಕೊಳ್ಳದೆ ಅಳಿಸಿಬಿಡುತ್ತೇನೆ. ಹಿಂದಿನ ಫ್ಲಾಪಿಯಲ್ಲಿ ಒಂದು ಪುಟ್ಟ ಕಿಟಕಿ ಇತ್ತು. ಅದನ್ನು ಸರಿಸಿಟ್ಟರೆ ಓದಬಹುದಾಗಿತ್ತು, ಬರೆಯಲಾಗುತ್ತಿರಲಿಲ್ಲ. ಬಹುತೇಕ ಪೆನ್ ಡ್ರೈವುಗಳಲ್ಲಿ ಅಂಥ ಒಳ್ಳೆಯ ಏರ್ಪಾಡು ಇಲ್ಲ. ಆದ್ದರಿಂದ ಆ ಶಿಸ್ತನ್ನು ನಾವೇ ತರಬೇಕು.

ಐದನೆಯದು, ಏನಾದರೂ ಅನಿರೀಕ್ಷಿತವಾಗಿ ಬಂದರೆ ಕಳುಹಿಸಿದವರಿಗೆ ದೂರವಾಣಿ ಮಾಡಿ ಕೇಳುವುದು. ನಮ್ಮಿಂದ ಬೇರೆಯವರಿಗೆ ಹೋಗಿರಬಹುದು ಎಂದು ತಿಳಿದರೆ ಅದೇ ದಿನ ಎಲ್ಲರಿಗೂ ಹೇಳುವುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮನೆಯಲ್ಲಿ ಸೋಂಕು ಬಂದಾಗ ನೆರೆಯವರಿಗೆ ತಿಳಿಸುವುದು ಸಜ್ಜನರ ಲಕ್ಷಣ.

ಕೊನೆಯದು ನನ್ನ ಕಣ್ಣೀರಿನಿಂದ ಕಲಿತದ್ದು. ಕಡತವನ್ನು ಸಾಗಿಸುವಾಗ ನಕಲು ಮಾಡಿ, ಎಂದೂ 'ಕಟ್' ಮಾಡಬೇಡಿ. ಮುಖ್ಯವಾದದ್ದು ಮೂರು ಕಡೆ ಇರಲಿ, ಅದರಲ್ಲಿ ಒಂದು ಮನೆಯ ಹೊರಗಿರಲಿ. ಪೆನ್ ಡ್ರೈವಿನಲ್ಲಿ ಕಡತಗಳು ಕಾಣದಾದರೆ ಗಾಬರಿಯಿಂದ ಫಾರ್ಮ್ಯಾಟ್ ಮಾಡಿಸಬೇಡಿ. ನನ್ನ ತಂಗಿಯ ಮಗ ಹೇಳಿದ ಮೇಲೆಯೇ ನನಗೆ ತಿಳಿದದ್ದು, ಅಂಥ ವೈರಸ್ಸುಗಳು ಸಾಮಾನ್ಯವಾಗಿ ಕಡತಗಳನ್ನು ತಿನ್ನುವುದಿಲ್ಲ, ಬಚ್ಚಿಡುತ್ತವೆ. ಅಡಗಿದ ಕಡತಗಳನ್ನೂ ವ್ಯವಸ್ಥೆಯ ರಕ್ಷಿತ ಕಡತಗಳನ್ನೂ ತೋರಿಸುವ ಆಯ್ಕೆಗಳನ್ನು ಒತ್ತಿದರೆ ಅವು ಅಲ್ಲಿಯೇ ಕಾಣುತ್ತವೆ. ಫಾರ್ಮ್ಯಾಟ್ ಮಾಡಿದ ಮೇಲೂ, ಅದರ ಮೇಲೆ ಬೇರೇನನ್ನೂ ಬರೆಯದಿದ್ದರೆ, ಮರಳಿ ಪಡೆಯುವ ತಂತ್ರಾಂಶಗಳಿಂದ ಎಷ್ಟೋ ಸಲ ಸಿಗುತ್ತವೆ. ನಾನು ಅಂದೇ ಸಂಜೆ ಅದರ ತುಂಬ ಸಮಾರಂಭದ ಚಿತ್ರಗಳನ್ನು ತುಂಬಿಸಿದ್ದೆ. ಆ ಹಿರಿಯರ ಹದಿನಾಲ್ಕು ಪುಟಗಳು ಡಿಟಿಪಿ ಅಂಗಡಿಯಲ್ಲಿ ನನ್ನ ಕಣ್ಣೆದುರಿಗೇ, ಅದೇ ಪೆನ್ ಡ್ರೈವಿನ ಒಳಗೆ, ಬಹುಶಃ ಇದ್ದವು. ಅವನ್ನು ಅಳಿಸಿದ್ದು ವೈರಸ್ಸಲ್ಲ, ನನ್ನ ಹೂಂಕಾರ.

ಆ ಹುಡುಗ ಈಗ ಹುಬ್ಬಳ್ಳಿಯಲ್ಲಿದ್ದಾನೆ, ಒಳ್ಳೆಯ ಕೆಲಸದಲ್ಲಿದ್ದಾನೆ. ನಿಜ ತಿಳಿದ ಮೇಲೆ ಅವನನ್ನು ಕರೆದು ಹೇಳಬೇಕಾಗಿತ್ತು. ಅಧ್ಯಾಪಕನ ಅಹಂಕಾರ ಬಿಡಲಿಲ್ಲ. ಎಷ್ಟೋ ವರ್ಷಗಳ ನಂತರ, ಕೊರೊನಾ ಕಾಲದಲ್ಲಿ ಎಲ್ಲರ ಯೋಗಕ್ಷೇಮ ವಿಚಾರಿಸುತ್ತಿದ್ದಾಗ, ಅವನಿಗೂ ದೂರವಾಣಿ ಮಾಡಿ ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆ. "ಬಿಡಿ ಸಾರ್, ನನಗೆ ಅದು ನೆನಪೇ ಇಲ್ಲ" ಎಂದ. ಸ್ವಲ್ಪ ಹೊತ್ತು ಬೇರೆ ಮಾತಾಡಿ ಫೋನ್ ಇಡುವ ಮುಂಚೆ, "ಆ ಪೆನ್ ಡ್ರೈವು ನಂದಲ್ಲ ಸಾರ್, ಸೆಂಟರಿನ ಯಜಮಾನರದು. ನಿಮಗೆ ಕೊಡುವುದಕ್ಕೆ ಮುಂಚೆ ಎರಡು ಸಲ ಸ್ಕ್ಯಾನ್ ಮಾಡಿದ್ದೆ" ಎಂದ. ಆ ಸಿಬ್ಬಂದಿ ಕೊಠಡಿಯಲ್ಲಿ ಅಂದು ಇದ್ದ ಎಲ್ಲರಲ್ಲಿ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದವನು ಅವನೊಬ್ಬನೇ. ಬೈದದ್ದು ಆರು ಮಂದಿಯ ಎದುರಿಗೆ, ಕ್ಷಮೆ ಕೇಳಿದ್ದು ಒಬ್ಬನ ಕಿವಿಯಲ್ಲಿ. ಅದು ಸಾಲದೆಂದು ಅನ್ನಿಸಿ ಇಂದು ನಿಮ್ಮೆಲ್ಲರೆದುರಿಗೆ ಬರೆದಿದ್ದೇನೆ.

ಇನ್ನು ಮುಂದೆ ನಮ್ಮ ಮನೆಗೆ ಬರುವವರು ಪೆನ್ ಡ್ರೈವನ್ನು ಧಾರಾಳವಾಗಿ ತನ್ನಿ. ನಾನು ಪರೀಕ್ಷಿಸುತ್ತೇನೆ, ಮುಖ ಸಣ್ಣದು ಮಾಡಿಕೊಳ್ಳಬೇಡಿ. ನಾನು ನಿಮ್ಮ ಮನೆಗೆ ಬಂದಾಗ ನನ್ನದನ್ನೂ ನೀವು ಪರೀಕ್ಷಿಸಿ. ಮೇಷ್ಟ್ರು ತಂದದ್ದೆಂದು ಬಿಟ್ಟರೆ ನಾನು ಬೇಸರಪಟ್ಟುಕೊಳ್ಳುತ್ತೇನೆ. ಅಂದ ಹಾಗೆ ಆ ಭಾನುವಾರದ ಗೃಹಪ್ರವೇಶದ ಚಿತ್ರಗಳಲ್ಲಿ ಯಾವ ವೈರಸ್ಸೂ ಇರಲಿಲ್ಲ. ಪರೀಕ್ಷೆಗೆ ಹಿಡಿದದ್ದು ನಾಲ್ಕು ನಿಮಿಷ. ಅಷ್ಟರಲ್ಲಿ ಕಾಫಿ ಕುಡಿದು ಮುಗಿದಿತ್ತು. ಮನೆ ಬಹಳ ಚೆನ್ನಾಗಿದೆ ಕಣಪ್ಪ.